ಹಗುರ ಬೇಕೆಂದವಳ ಟ್ರಿಗರ್ ಭಾರವಾದ ಪ್ರಕರಣ

ಮಲೆನಾಡಿನ ಒಂದು ಜಿಲ್ಲಾ ಕೇಂದ್ರದ ಶೂಟಿಂಗ್ ಕ್ಲಬ್‌ನಲ್ಲಿ ರೈಫಲ್‌ಗಳ ಹೊಂದಾಣಿಕೆ ನೋಡಿಕೊಳ್ಳುವವನು ನಾನು. ಮಳೆಗಾಲ ಮುಗಿಯುತ್ತಿದ್ದ ಸಮಯದಲ್ಲಿ ಪದವಿ ಓದುತ್ತಿರುವ ಹುಡುಗಿಯೊಬ್ಬಳು ತನ್ನ 10 ಮೀಟರ್ ಏರ್ ರೈಫಲನ್ನು ತಂದು, ಟ್ರಿಗರ್ ಇನ್ನಷ್ಟು ಹಗುರವಾಗಬೇಕೆಂದು ಕೇಳಿದಳು. ಎಷ್ಟು ಹಗುರ ಎಂದರೆ ಉತ್ತರವಿರಲಿಲ್ಲ. ಈಗ ಎಷ್ಟಿದೆ ಎಂದರೆ ಅದಕ್ಕೂ ಇರಲಿಲ್ಲ. ಅವಳ ತಪ್ಪೇನೂ ಅಲ್ಲ. ಟ್ರಿಗರ್ ವಿಷಯದಲ್ಲಿ ನಮ್ಮಲ್ಲಿ ಹೆಚ್ಚಿನವರ ಮಾತು ಹಗುರ, ಭಾರ ಎಂಬ ಎರಡು ಪದಗಳಲ್ಲೇ ಮುಗಿದುಹೋಗುತ್ತದೆ.

ರೈಫಲ್ ಯುರೋಪಿನಲ್ಲಿ ತಯಾರಾದದ್ದು, ಒತ್ತಿದ ಗಾಳಿಯ ಸಿಲಿಂಡರ್‌ನಿಂದ ನಡೆಯುವಂಥದ್ದು. ಅದನ್ನು ಅವಳ ಮನೆಯವರು ಇನ್ನೊಬ್ಬ ಶೂಟರ್‌ನಿಂದ ಕೊಂಡಿದ್ದರು. ಅದಕ್ಕೂ ಮುನ್ನ ಅವಳು ಅಭ್ಯಾಸ ಮಾಡುತ್ತಿದ್ದುದು ಓಪನ್ ಸೈಟ್‌ನ, ಅಂದರೆ ಗುರಿ ನೋಡಲು ತೆರೆದ ಗುರುತುಗಳಿರುವ, ಸ್ಪ್ರಿಂಗ್ ರೈಫಲ್‌ನಲ್ಲಿ. ಅಂಥ ರೈಫಲ್‌ಗಳ ಟ್ರಿಗರ್ ಎಳೆತವನ್ನು, ಅಂದರೆ ಗುಂಡು ಬಿಡಲು ಬೆರಳು ಹಾಕಬೇಕಾದ ಬಲವನ್ನು, ಕಿಲೋಗ್ರಾಂ ಲೆಕ್ಕದಲ್ಲಿ ಹೇಳಬೇಕು. ಸ್ಪರ್ಧೆಯ ರೈಫಲ್‌ನದು ನೂರು ಗ್ರಾಂ ಆಸುಪಾಸು. ಈ ಜಿಗಿತವನ್ನು ದಾಟಿ ಬಂದವರಿಗೆ ಹಗುರವೆಂದರೆ ಪ್ರಗತಿ ಎಂದು ಅನಿಸುವುದು ಸಹಜ. ನಿಯಮವೂ ಅವರನ್ನು ತಡೆಯುವುದಿಲ್ಲ. ಅಂತರರಾಷ್ಟ್ರೀಯ ಶೂಟಿಂಗ್ ಒಕ್ಕೂಟವಾದ ಐಎಸ್‌ಎಸ್‌ಎಫ್‌ನ ನಿಯಮಗಳಲ್ಲಿ 10 ಮೀಟರ್ ಏರ್ ಪಿಸ್ತೂಲಿಗೆ ಕನಿಷ್ಠ 500 ಗ್ರಾಂ ಎಳೆತ ಇರಲೇಬೇಕು. 300 ಮೀಟರ್ ಸ್ಟ್ಯಾಂಡರ್ಡ್ ರೈಫಲ್‌ಗೆ 1500 ಗ್ರಾಂ. ಏರ್ ರೈಫಲ್‌ಗೆ ಮಾತ್ರ ಅಂಥ ಮಿತಿಯೇ ಇಲ್ಲ. ಯಾರೂ ಕೇಳುವವರಿಲ್ಲದ ಕಡೆ ಸ್ಕ್ರೂಗಳು ಹೆಚ್ಚು ತಿರುಗುತ್ತವೆ.

ಸ್ಕ್ರೂ ತಿರುಗಿಸುವ ಆಲೆನ್ ಕೀ ಕೈಗೆತ್ತಿಕೊಳ್ಳುವ ಮೊದಲು ಅವಳ ಟಾರ್ಗೆಟ್ ಕಾಗದಗಳನ್ನು ತರಿಸಿಕೊಂಡು ನೋಡಿದೆ. ಈ ಪ್ರಕರಣದ ಅರ್ಧ ಉತ್ತರ ಅಲ್ಲೇ ಇತ್ತು.

ಕಾಗದ ಹೇಳಿದ್ದು

ಏರ್ ರೈಫಲ್ ಟಾರ್ಗೆಟ್‌ನಲ್ಲಿ ಹತ್ತರ ಗುರುತು ಅರ್ಧ ಮಿಲಿಮೀಟರ್ ವ್ಯಾಸದ ಒಂದು ಚುಕ್ಕೆ. ಅಲ್ಲಿಂದ ಪ್ರತಿ 2.5 ಮಿಲಿಮೀಟರ್ ದೂರಕ್ಕೆ ಒಂದು ಅಂಕ ಹೋಗುತ್ತದೆ. ಮುಂದಿನ ಮತ್ತು ಹಿಂದಿನ ಸೈಟ್‌ಗಳ ನಡುವೆ ಸುಮಾರು 80 ಸೆಂಟಿಮೀಟರ್ ಇದೆ ಎಂದುಕೊಂಡರೆ, ಒಂದು ಅಂಕ ಕಳೆದುಕೊಳ್ಳಲು ಮುಂದಿನ ಸೈಟ್ 0.2 ಮಿಲಿಮೀಟರ್ ಸರಿದರೆ ಸಾಕು. ಐದು ಕಿಲೋ ತೂಗುವ ರೈಫಲನ್ನು ಅಷ್ಟು ಸರಿಸಲು ಬೆರಳೇ ಬೇಕಿಲ್ಲ, ಬೆರಳಿನ ಗಾಬರಿ ಸಾಕು. ಆದ್ದರಿಂದ ಶೂಟರ್‌ಗಳು ಟ್ರಿಗರನ್ನು ದೂರುವುದರಲ್ಲಿ ಅರ್ಥವಿದೆ. ದೂರು ಯಾವ ಬಗೆಯದು ಎಂಬುದನ್ನು ಮಾತ್ರ ಬಿಡಿಸಿ ನೋಡಬೇಕಾಗುತ್ತದೆ.

ಅವಳ ಕಾಗದಗಳಲ್ಲಿ ಬಹುಪಾಲು ಗುಂಡುಗಳು ಮಧ್ಯದಲ್ಲಿ ಒತ್ತಾಗಿ ಬಿದ್ದಿದ್ದವು. ಗುಂಪು ಚೆನ್ನಾಗಿಯೇ ಇತ್ತು. ಅದರಿಂದ ಬೇರೆಯಾಗಿ ಅಲ್ಲಲ್ಲಿ ಒಂದೊಂದು ಗುಂಡು ನೇರ ಮೇಲಕ್ಕೆ, ಗಡಿಯಾರದ ಹನ್ನೆರಡರ ದಿಕ್ಕಿಗೆ, ಎಂಟು ಅಥವಾ ಒಂಬತ್ತರ ವೃತ್ತಕ್ಕೆ ಹೋಗಿತ್ತು. ಎಡಬಲಕ್ಕೆ ಹೋದವು ಬಹಳ ಕಡಿಮೆ.

ಟ್ರಿಗರ್ ಭಾರವಾಗಿದ್ದು ಶೂಟರ್ ಅದನ್ನು ಹಿಂಡುತ್ತಿದ್ದರೆ ಗುಂಡುಗಳು ಹೀಗೆ ಬೀಳುವುದಿಲ್ಲ. ಹಿಂಡುವ ಬೆರಳು ಹಿಡಿಯನ್ನೂ ಜೊತೆಗೆ ತಿರುಗಿಸುತ್ತದೆ. ಆಗ ಗುಂಡು ಪಕ್ಕಕ್ಕೋ ಓರೆಯಾಗಿ ಕೆಳಕ್ಕೋ ಸರಿಯುತ್ತದೆ. ನೆಟ್ಟಗೆ ಮೇಲಕ್ಕೆ ಹೋಗಲು ಬೇರೆ ಕಾರಣ ಬೇಕು. ಇಂಥ ರೈಫಲ್‌ನ ಟ್ರಿಗರ್‌ಗೆ ಎರಡು ಹಂತ: ಮೊದಲು ಸಲೀಸಾಗಿ ಬಂದು ಒಂದು ತಡೆಗೆ ನಿಲ್ಲುತ್ತದೆ, ತಡೆ ದಾಟಿದರೆ ಗುಂಡು ಹಾರುತ್ತದೆ. ನಿಂತು ಹೊಡೆಯುವ ರೈಫಲ್ ಶೂಟರ್‌ಗಳಲ್ಲಿ ಹೆಚ್ಚಿನವರು ಟಾರ್ಗೆಟ್‌ಗೆ ಮೇಲಿನಿಂದ ಇಳಿಯುತ್ತಾರೆ. ಬ್ಯಾರೆಲ್ ಹನ್ನೆರಡರ ಕಡೆಯಿಂದ ನಿಧಾನವಾಗಿ ಕಪ್ಪು ವೃತ್ತದೊಳಕ್ಕೆ ಬರುವಾಗಲೇ ಬೆರಳು ಟ್ರಿಗರ್‌ನ ಮೊದಲ ಹಂತವನ್ನು ತೆಗೆದುಕೊಳ್ಳುತ್ತದೆ. ಕೆಳಗೆ ಬಂದು ನೆಲೆ ನಿಂತಾಗ ಬೆರಳು ಎರಡನೇ ಹಂತದ ಬಾಗಿಲಲ್ಲಿ ಕಾಯುತ್ತಿರಬೇಕು. ಇಳಿಯುವ ದಾರಿಯಲ್ಲೇ ಗುಂಡು ಹಾರಿದರೆ ಅದು ಬೀಳುವುದು ಮೇಲೆ.

ಕ್ಲಬ್‌ನಲ್ಲಿದ್ದ ಸ್ಕ್ಯಾಟ್ ಯಂತ್ರವನ್ನು ಬ್ಯಾರೆಲ್‌ಗೆ ಕಟ್ಟಿ, ಪೆಲೆಟ್, ಅಂದರೆ ಏರ್ ರೈಫಲ್‌ನ ಪುಟ್ಟ ಗುಂಡು, ಇಲ್ಲದೆ ಬರಿದೆ ಟ್ರಿಗರ್ ಎಳೆಯುವ ಡ್ರೈ ಫೈರ್ ಮಾಡಿಸಿದೆವು. ಬ್ಯಾರೆಲ್ ಎಲ್ಲಿ ಅಲೆಯಿತು ಎಂಬುದನ್ನು ಗೆರೆಯಾಗಿ ಪರದೆಯ ಮೇಲೆ ತೋರಿಸುವ ಉಪಕರಣ ಅದು. ಮೇಲೆ ಬಿದ್ದ ಗುಂಡುಗಳಲ್ಲೆಲ್ಲ ಕೊನೆಯ ಕ್ಷಣದ ಗೆರೆ ಇನ್ನೂ ಇಳಿಯುತ್ತಲೇ ಇತ್ತು. ಇನ್ನು ಕೆಲವು ಗುಂಡುಗಳಲ್ಲಿ ಇದಕ್ಕೆ ತದ್ವಿರುದ್ಧ ಚಿತ್ರ: ಮಧ್ಯದಲ್ಲಿ ನೆಲೆ ನಿಂತು ಎಷ್ಟೋ ಹೊತ್ತಾದರೂ ಟ್ರಿಗರ್ ಬಿಡುವುದಿಲ್ಲ, ಉಸಿರು ಕಟ್ಟಿ ಹಿಡಿತ ಅಲುಗಾಡಲು ಶುರುವಾದ ಮೇಲೆ ಬಿಡುತ್ತದೆ. ಅವಳಿಗೆ ನೆನಪಿದ್ದದ್ದು ಈ ಎರಡನೆಯ ಬಗೆ ಮಾತ್ರ. ಬಿಡದ ಟ್ರಿಗರ್ ಕೈಗೆ ಭಾರವಾಗಿ ತೋರುತ್ತದೆ, ಅದಕ್ಕೇ ಹಗುರ ಮಾಡಿಕೊಡಿ ಎಂದು ಕೇಳಿದ್ದಳು. ಒಂದೇ ರೈಫಲ್, ಒಂದೇ ಬೆರಳು. ಕೆಲವೊಮ್ಮೆ ಬೇಗ ಬಿಡುತ್ತದೆ, ಕೆಲವೊಮ್ಮೆ ಬಿಡುವುದೇ ಇಲ್ಲ. ಇದು ತೂಕ ಹೆಚ್ಚಾದದ್ದರ ಲಕ್ಷಣವಲ್ಲ, ತೂಕ ನಿಶ್ಚಿತವಾಗಿಲ್ಲದ್ದರ ಲಕ್ಷಣ.

ಅಕ್ಕಸಾಲಿಗನ ತೂಕದ ಬಟ್ಟುಗಳು

ಅಳೆಯದೆ ಮುಂದುವರಿಯುವಂತಿರಲಿಲ್ಲ. ಮಾರುಕಟ್ಟೆಯಲ್ಲಿ ಸಿಗುವ ಸ್ಪ್ರಿಂಗ್ ಮಾಪಕಗಳು ಕಿಲೋ ಲೆಕ್ಕದ ಟ್ರಿಗರ್‌ಗೆ ಸರಿ. ನೂರು ಗ್ರಾಂ ಟ್ರಿಗರ್‌ನಲ್ಲಿ ಹತ್ತು ಗ್ರಾಂ ವ್ಯತ್ಯಾಸ ಹುಡುಕುವಾಗ ಅವುಗಳ ಮುಳ್ಳಿನ ಮಾತನ್ನು ನಂಬಲಾಗದು. ನಾನು ಬಳಸುವುದು ಸೈಕಲ್ ಸ್ಪೋಕ್‌ನಿಂದ ಬಾಗಿಸಿದ ಒಂದು ಕೊಕ್ಕೆ, ಅದಕ್ಕೆ ತೂಗುಬಿಟ್ಟ ಪುಟ್ಟ ತಟ್ಟೆ, ಮತ್ತು ಪರಿಚಯದ ಅಕ್ಕಸಾಲಿಗರೊಬ್ಬರು ಕೊಟ್ಟ ಹಿತ್ತಾಳೆಯ ತೂಕದ ಬಟ್ಟುಗಳು. ಕೊಕ್ಕೆ ಮತ್ತು ತಟ್ಟೆಯ ತೂಕವನ್ನು ಮೊದಲೇ ತೂಗಿ ಲೆಕ್ಕಕ್ಕೆ ಸೇರಿಸಿಕೊಂಡರಾಯಿತು. ದುಬಾರಿ ಡಿಜಿಟಲ್ ಮಾಪಕ ಇದಕ್ಕಿಂತ ಬೇಗ ಕೆಲಸ ಮುಗಿಸುತ್ತದೆ, ಆದರೆ ಇದಕ್ಕಿಂತ ಸತ್ಯ ಹೇಳುವುದಿಲ್ಲ.

ಅಳೆಯುವಾಗ ಎರಡು ವಿಷಯಗಳಲ್ಲಿ ಜನ ಎಡವುತ್ತಾರೆ. ಮೊದಲನೆಯದು ಕೊಕ್ಕೆ ತಾಗುವ ಜಾಗ. ಟ್ರಿಗರ್ ಒಂದು ಸನ್ನೆಕೋಲು. ಅದರ ಕೀಲಿನಿಂದ 30 ಮಿಲಿಮೀಟರ್ ಕೆಳಗೆ 100 ಗ್ರಾಂ ತೋರುವ ಟ್ರಿಗರ್, 24 ಮಿಲಿಮೀಟರ್ ಕೆಳಗೆ 125 ಗ್ರಾಂ ತೋರುತ್ತದೆ. ಯಾವ ಸ್ಕ್ರೂವನ್ನೂ ಮುಟ್ಟದೆ ಕಾಲು ಭಾಗ ವ್ಯತ್ಯಾಸ! ಇಬ್ಬರು ಶೂಟರ್‌ಗಳು ನನ್ನದು ಇಷ್ಟು ಗ್ರಾಂ, ನಿನ್ನದು ಇಷ್ಟು ಗ್ರಾಂ ಎಂದು ಹೋಲಿಸುವಾಗ ನಾನು ಸುಮ್ಮನೆ ಕೇಳಿಸಿಕೊಳ್ಳುವುದು ಇದಕ್ಕೇ. ಇಲ್ಲಿ ಅವಳ ಬೆರಳಿನ ಮೆತ್ತೆ ನಿಜವಾಗಿ ತಾಗುವ ಜಾಗಕ್ಕೆ ಪೆನ್ನಿನಿಂದ ಗುರುತು ಹಾಕಿ ಅಲ್ಲಿಯೇ ಕೊಕ್ಕೆ ಇಟ್ಟೆ.

ಎರಡನೆಯದು ರೈಫಲ್‌ನ ಭಂಗಿ. ತೂಕದ ಮಿತಿಯಿರುವ ಸ್ಪರ್ಧೆಗಳಲ್ಲಿ ಬ್ಯಾರೆಲ್ ಲಂಬವಾಗಿರುವಂತೆ ಹಿಡಿದು ಟ್ರಿಗರ್‌ನಿಂದ ತೂಕವನ್ನು ಎತ್ತಿಸಿ ನೋಡುತ್ತಾರೆ. ನಾನೂ ಹಾಗೆಯೇ ಮಾಡುತ್ತೇನೆ. ಆದರೆ ಬ್ಯಾರೆಲ್ ಮೇಲ್ಮುಖವಾದಾಗ ಟ್ರಿಗರ್ ತನ್ನ ಸ್ವಂತ ಭಾರದಿಂದಲೂ ಹಿಂದಕ್ಕೆ, ಅಂದರೆ ನೆಲದ ಕಡೆಗೆ, ಜಗ್ಗುತ್ತಿರುತ್ತದೆ. ಹೊಡೆಯುವಾಗ ರೈಫಲ್ ಅಡ್ಡವಾಗಿರುವುದರಿಂದ ಆ ಸಹಾಯ ಇರುವುದಿಲ್ಲ. 1500 ಗ್ರಾಂ ಟ್ರಿಗರ್‌ನಲ್ಲಿ ಈ ವ್ಯತ್ಯಾಸ ಲೆಕ್ಕಕ್ಕೆ ಬರದು. ನೂರು ಗ್ರಾಂ ಟ್ರಿಗರ್‌ನಲ್ಲಿ ಬೆರಳು ಗುರುತಿಸುವಷ್ಟು ಇರಬಹುದು. ಆದ್ದರಿಂದ ನನ್ನ ಪುಸ್ತಕದಲ್ಲಿರುವ ಅಂಕಿಗಳು ಒಂದಕ್ಕೊಂದು ಹೋಲಿಸಲು ಮಾತ್ರ. ಬೆರಳಿಗೆ ತಾಗುವ ನಿಜವಾದ ತೂಕ ಅದಕ್ಕಿಂತ ತುಸು ಹೆಚ್ಚೇ.

ಎರಡು ಹಂತದ ಟ್ರಿಗರ್ ಹೇಗಿರಬೇಕೆಂದು ತಿಳಿಯಲು ಸೈಕಲ್ ಬ್ರೇಕ್ ಹಿಡಿದು ನೋಡಿದರೆ ಸಾಕು. ರಬ್ಬರ್ ಗಾಲಿಗೆ ತಾಗುವವರೆಗೆ ಲಿವರ್ ಸಲೀಸಾಗಿ ಬರುತ್ತದೆ, ತಾಗಿದ ಮೇಲೆ ಕೈಗೆ ಸ್ಪಷ್ಟವಾದ ತಡೆ ಸಿಗುತ್ತದೆ. ಸಲೀಸಾದ ಚಲನೆ ಮೊದಲ ಹಂತ, ತಡೆಯಿಂದಾಚೆಗಿನದು ಎರಡನೆಯದು. ತಟ್ಟೆಗೆ ಒಂದೊಂದಾಗಿ ತೂಕ ಸೇರಿಸುತ್ತಾ ಹೋದರೆ, ಟ್ರಿಗರ್ ಹಿಂದೆ ಸರಿದು ತಡೆಗೆ ಬಂದು ನಿಲ್ಲುವ ತೂಕ ಮೊದಲ ಹಂತದ್ದು; ಕೊನೆಗೆ ಬಿಡುವ ತೂಕ ಒಟ್ಟು; ಎರಡರ ವ್ಯತ್ಯಾಸ ಎರಡನೇ ಹಂತದ್ದು.

ಅವಳ ಟ್ರಿಗರ್ 25 ಗ್ರಾಂಗೇ ಚಲಿಸಲು ಶುರುಮಾಡಿತು. ಆಮೇಲೆ ನಿಲ್ಲಲೇ ಇಲ್ಲ. ತೂಕ ಸೇರಿಸಿದಂತೆಲ್ಲ ತೆವಳುತ್ತಾ ಹಿಂದಕ್ಕೆ ಹೋಯಿತು. ಒಮ್ಮೆ 58 ಗ್ರಾಂಗೆ ಬಿಟ್ಟಿತು, ಇನ್ನೊಮ್ಮೆ 94ಕ್ಕೆ, ಉಳಿದವು ಇವುಗಳ ನಡುವೆ ಎಲ್ಲೆಲ್ಲೋ. ಅಂದರೆ ಆ ಟ್ರಿಗರ್ ಹೆಸರಿಗಷ್ಟೇ ಎರಡು ಹಂತದ್ದು. ತಡೆಯೇ ಇಲ್ಲದ, ಎಲ್ಲಿ ಬಿಡುತ್ತದೆಂದು ಹೇಳಲಾಗದ ಒಂದು ಉದ್ದನೆಯ ಎಳೆತವಾಗಿ ಅದು ಉಳಿದಿತ್ತು.

ಯಾವ ಸ್ಕ್ರೂ, ಯಾಕೆ

ಇಂಥ ಟ್ರಿಗರ್‌ನಲ್ಲಿ ಮುಖ್ಯವಾಗಿ ಐದು ಹೊಂದಾಣಿಕೆಗಳಿರುತ್ತವೆ: ಮೊದಲ ಹಂತದ ತೂಕ, ಎರಡನೇ ಹಂತದ ತೂಕ, ಮೊದಲ ಹಂತದ ಉದ್ದ, ಸಿಯರ್ ಹಿಡಿತ, ಮತ್ತು ಗುಂಡು ಬಿಟ್ಟ ಮೇಲೆ ಟ್ರಿಗರ್ ಎಷ್ಟು ಹಿಂದೆ ಹೋಗಬೇಕೆಂಬ ನಿಲುಗಡೆ. ಇವುಗಳ ಜಾಗ, ತಿರುಗಿಸುವ ದಿಕ್ಕು ಕಂಪನಿಯಿಂದ ಕಂಪನಿಗೆ, ಒಂದೇ ಕಂಪನಿಯ ಮಾದರಿಯಿಂದ ಮಾದರಿಗೆ ಬೇರೆ. ಹಾಗಾಗಿ ಇಲ್ಲಿ ನಾನು ಹೇಳುವುದನ್ನು ಓದಿ ಯಾರೂ ತಮ್ಮ ರೈಫಲ್‌ನ ಸ್ಕ್ರೂ ತಿರುಗಿಸಬಾರದು. ಆಯಾ ರೈಫಲ್‌ನ ಕೈಪಿಡಿಯ ಚಿತ್ರ ಎದುರಿಗಿರಬೇಕು.

ತೂಕ ಇಳಿಸಲು ನೇರವಾದ ದಾರಿ ತೂಕದ ಸ್ಪ್ರಿಂಗ್‌ಗಳನ್ನು ಸಡಿಲಿಸುವುದು. ಅಡ್ಡದಾರಿ ಸಿಯರ್ ಹಿಡಿತವನ್ನು ಕಡಿಮೆ ಮಾಡುವುದು. ಗುಂಡು ಹಾರಿಸುವ ಒಳಗಿನ ಸುತ್ತಿಗೆಯನ್ನು ತಡೆದು ಹಿಡಿದಿರುವ ಉಕ್ಕಿನ ಎರಡು ಅಂಚುಗಳು ಒಂದರ ಮೇಲೊಂದು ಎಷ್ಟು ಕೂತಿವೆ ಎಂಬುದೇ ಆ ಹಿಡಿತ. ಅದನ್ನು ಕಿರಿದು ಮಾಡಿದರೆ ಸ್ವಲ್ಪ ಸರಿದರೂ ಜಾರಿಬಿಡುತ್ತದೆ, ಬೆರಳಿಗೆ ಹಗುರವೆನಿಸುತ್ತದೆ. ಬೆಲೆ ತೆರುವುದು ಎರಡು ಕಡೆ. ಎರಡನೇ ಹಂತ ಶುರುವಾಗುವ ಮೊದಲೇ ಹಿಡಿತ ಮುಗಿದುಹೋಗುವುದರಿಂದ ತಡೆ ಮಾಯವಾಗುತ್ತದೆ. ಇನ್ನೊಂದು, ಬೆರಳು ಮುಟ್ಟದಿದ್ದರೂ ಒಂದು ಪೆಟ್ಟಿಗೆ ಸಿಯರ್ ಜಾರಬಹುದು.

ಹಿಂದಿನ ಮಾಲೀಕನೋ, ಅವನಿಗೆ ನೆರವಾದವರೋ ಇದನ್ನೇ ಮಾಡಿದ್ದರು ಎಂಬುದು ಕೈಪಿಡಿಯೊಂದಿಗೆ ಹೋಲಿಸಿದಾಗ ಸ್ಪಷ್ಟವಾಯಿತು. ಪರೀಕ್ಷಿಸಲು ಗಾಳಿಯ ಸಿಲಿಂಡರ್ ಬಿಚ್ಚಿಟ್ಟು, ಬ್ಯಾರೆಲ್ ಖಾಲಿಯಿದೆ ಎಂದು ನೋಡಿಕೊಂಡು, ಡ್ರೈ ಫೈರ್‌ಗೆ ಕಾಕ್ ಮಾಡಿ (ಬಿಡಲು ಸಿದ್ಧಗೊಳಿಸಿ), ರೈಫಲ್‌ನ ಹೆಗಲಿಗೆ ತಾಗುವ ಹಿಂತುದಿಯನ್ನು ರಬ್ಬರ್ ಹಾಸಿನ ಮೇಲೆ ತುಸು ಎತ್ತರದಿಂದ ಕುಟ್ಟಿದೆ. ಟಕ್ಕೆಂದು ಬಿಟ್ಟಿತು. ಹುಡುಗಿ ಆವರೆಗೆ ನನ್ನ ತೂಕದ ಬಟ್ಟುಗಳ ಆಟವನ್ನು ಬೇಸರದಿಂದ ನೋಡುತ್ತಿದ್ದವಳು ಅಲ್ಲಿಗೆ ಕುರ್ಚಿ ಎಳೆದುಕೊಂಡು ಹತ್ತಿರ ಬಂದಳು. ರೇಂಜ್‌ನಲ್ಲಿ ಪೆಲೆಟ್ ತುಂಬಿ ಬೋಲ್ಟ್ ಮುಚ್ಚುವಾಗ ಹೀಗಾದರೆ ಏನು ಎಂಬುದನ್ನು ವಿವರಿಸಬೇಕಾಗಲಿಲ್ಲ.

ಕೊಡಗಿನ ಗೆಳೆಯರೊಬ್ಬರು ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಗೆಂದು ತಮ್ಮ .22 ರೈಫಲ್‌ನ ಟ್ರಿಗರನ್ನೂ ಹೀಗೆ ಬೆಣ್ಣೆಯಂತೆ ಮಾಡಿಕೊಡಲು ಕೇಳುತ್ತಿರುತ್ತಾರೆ. ನಾನು ಒಪ್ಪಿಲ್ಲ, ಒಪ್ಪುವುದೂ ಇಲ್ಲ. ಗೆರೆಯ ಮೇಲೆ ನಿಂತು, ಬ್ಯಾರೆಲ್ ಸದಾ ಟಾರ್ಗೆಟ್ ಕಡೆಗಿದ್ದು, ಒಂದೊಂದೇ ಪೆಲೆಟ್ ತುಂಬುವ ಆಟದ ತೂಕ ಅದು. ಹೆಗಲಿಗೇರಿಸಿ ತಿರುಗುವ, ಹಬ್ಬದ ಗದ್ದಲದಲ್ಲಿ ಕೈಯಿಂದ ಕೈಗೆ ಹೋಗುವ ಬಂದೂಕಿಗೆ ಅದು ಹೊಂದುವುದಿಲ್ಲ.

ಸಿಯರ್ ಹಿಡಿತ ತಡೆ ಇಲ್ಲದಿರುವುದನ್ನು ವಿವರಿಸಿತು. ಆದರೆ 58ಕ್ಕೂ 94ಕ್ಕೂ ನಡುವಿನ ಅಂತರಕ್ಕೆ ಅದೊಂದೇ ಸಾಲದು ಅನಿಸಿತು. ರೈಫಲ್‌ನ ಹೊರ ಮೈಯಾದ ಸ್ಟಾಕ್‌ನಿಂದ ಟ್ರಿಗರ್ ಘಟಕವನ್ನು ಹೊರತೆಗೆದಾಗ ಉಳಿದದ್ದೂ ಸಿಕ್ಕಿತು. ಮಳೆಗಾಲದಲ್ಲಿ ತುಕ್ಕು ಹಿಡಿಯದಿರಲೆಂದು ಯಾರೋ ಒಳಗೆ ಹೊಲಿಗೆ ಯಂತ್ರದ ಎಣ್ಣೆ ಬಿಟ್ಟಿದ್ದರು. ಧೂಳು ಸೇರಿ ಅದು ಕಂದು ಬಣ್ಣದ ಅಂಟಾಗಿತ್ತು. ನಮ್ಮ ಕಡೆಯ ತೇವದಲ್ಲಿ ಎಣ್ಣೆಯ ಆಸೆ ಎಲ್ಲರಿಗೂ ಹುಟ್ಟುತ್ತದೆ. ಟ್ರಿಗರ್‌ನ ಒಳಗೆ ಮಾತ್ರ ಅದನ್ನು ಬಿಡಬಾರದು. ಗ್ರಾಂಗಳಲ್ಲಿ ಲೆಕ್ಕ ಹಾಕುವ ಸ್ಪ್ರಿಂಗ್‌ಗಳಿಗೆ ಅಂಟಿನ ತಡೆಯೂ ಒಂದು ತೂಕವೇ, ಅದೂ ಬೆಳಗಿನ ಚಳಿಗೊಂದು, ಮಧ್ಯಾಹ್ನದ ಸೆಕೆಗೊಂದು. ಜೊತೆಗೆ ನಿಲುಗಡೆಯ ಸ್ಕ್ರೂವನ್ನೂ ಅತಿಯಾಗಿ ಬಿಗಿದಿದ್ದರು. ಸಿಯರ್ ಪೂರ್ತಿ ಬಿಡುಗಡೆಯಾಗುವಷ್ಟರಲ್ಲಿ ಟ್ರಿಗರ್ ನಿಲುಗಡೆಗೆ ತಾಗುವಂತಿತ್ತು. ಬಿಡದ ಟ್ರಿಗರ್ ಎಂಬ ಅವಳ ದೂರಿನ ಮೂಲ ಬಹುಶಃ ಇದೇ.

ಐಸೊಪ್ರೊಪೈಲ್ ಆಲ್ಕೋಹಾಲ್ ಮತ್ತು ಮೃದುವಾದ ಬ್ರಷ್‌ನಿಂದ ಅಂಟನ್ನು ತೊಳೆದು ಒಣಗಿಸಿದೆ. ಘಟಕವನ್ನು ಬಿಡಿಬಿಡಿಯಾಗಿ ಬಿಚ್ಚಲಿಲ್ಲ. ಅಂಚುಗಳಿಗೆ ಅರವನ್ನೂ ಕಲ್ಲನ್ನೂ ಮುಟ್ಟಿಸಲಿಲ್ಲ. ಸ್ಕ್ರೂ ಹಿಂದಕ್ಕೆ ತಿರುಗುತ್ತದೆ, ಉಜ್ಜಿ ಹೋದ ಉಕ್ಕು ಮರಳಿ ಬರುವುದಿಲ್ಲ. ಸ್ಕ್ರೂಗಳನ್ನು ಮುಟ್ಟುವ ಮೊದಲು ಪ್ರತಿಯೊಂದೂ ಒಳಕ್ಕೆ ಎಷ್ಟು ಸುತ್ತು ಹೋಗಿದೆ ಎಂದು ಕಾಗದದ ಮೇಲೆ ಚಿತ್ರ ಬರೆದು ಗುರುತಿಸಿಕೊಂಡೆ.

ಇನ್ನು ಕ್ರಮದ ಮಾತು. ನಿಲುಗಡೆಯನ್ನು ಮೊದಲು ಪೂರ್ತಿ ಸಡಿಲಿಸಬೇಕು, ಇಲ್ಲದಿದ್ದರೆ ಅದು ಉಳಿದ ಎಲ್ಲ ಅಳತೆಗಳಲ್ಲೂ ಸುಳ್ಳು ಹೇಳಿಸುತ್ತದೆ. ಆಮೇಲೆ ಸಿಯರ್ ಹಿಡಿತವನ್ನು ಕೈಪಿಡಿಯ ಮಟ್ಟಕ್ಕೆ ತಂದೆ, ಒಮ್ಮೆಗೆ ಎಂಟನೇ ಒಂದು ಸುತ್ತಿನಂತೆ. ತಡೆ ಮೂಡಿತು. ತಡೆಯ ಜೊತೆಗೇ ಒಟ್ಟು ತೂಕ 130 ಗ್ರಾಂ ದಾಟಿತು. ಕೊಕ್ಕೆ ನೋಡುತ್ತಿದ್ದ ಹುಡುಗಿಯ ಮುಖದಲ್ಲಿ ಮೋಸಹೋದ ಭಾವ ಕಾಣಿಸಿತು. ಹಗುರ ಮಾಡಿಸಿಕೊಳ್ಳಲು ಬಂದವಳ ಟ್ರಿಗರ್ ದುಪ್ಪಟ್ಟಿನತ್ತ ಹೊರಟಿತ್ತು.

ಇಲ್ಲಿಂದ ಮುಂದೆ ತೂಕವನ್ನು ಹೇಗೆ ಹಂಚಬೇಕು ಎಂಬುದು ಅಭಿಪ್ರಾಯದ ವಿಷಯ. ನನ್ನ ಅಭಿಪ್ರಾಯ ಗಟ್ಟಿಯಾಗಿಯೇ ಇದೆ. ಒಟ್ಟು ತೂಕದ ದೊಡ್ಡ ಪಾಲು ಮೊದಲ ಹಂತದಲ್ಲಿರಬೇಕು. ಮೊದಲ ಹಂತ ತೀರಾ ಹಗುರವಿದ್ದರೆ ಇಳಿಯುತ್ತಿರುವ ರೈಫಲ್‌ನಲ್ಲಿ ಬೆರಳಿಗೆ ತಾನೆಲ್ಲಿದ್ದೇನೆಂಬ ಅರಿವೇ ಇರುವುದಿಲ್ಲ. ತಡೆಗೆ ಬಂದು ಬಡಿಯುತ್ತದೆ, ಬಡಿದ ರಭಸದಲ್ಲೇ ದಾಟಿಬಿಡುತ್ತದೆ. ಮೊದಲ ಹಂತದಲ್ಲಿ ತೂಕವಿದ್ದರೆ ಬೆರಳು ಆ ಒತ್ತಡವನ್ನು ಹೊತ್ತೇ ತಡೆಯಲ್ಲಿ ನಿಂತಿರುತ್ತದೆ. ಬಿಡಲು ಬೇಕಾದದ್ದು ಅದರ ಮೇಲೊಂದು ಚಿಕ್ಕ ಸೇರ್ಪಡೆ ಮಾತ್ರ. ಇದಕ್ಕೆ ವಿರುದ್ಧವಾಗಿ, ಮೊದಲ ಹಂತವನ್ನು ಗರಿಯಂತೆ ಇಟ್ಟುಕೊಂಡು ಎರಡನೆಯದರಲ್ಲೇ ಎಲ್ಲ ತೂಕ ಬೇಕೆನ್ನುವ ಒಳ್ಳೆಯ ಶೂಟರ್‌ಗಳೂ ಇದ್ದಾರೆ. ಅವರು ಟ್ರಿಗರನ್ನು ಒಂದೇ ಹಂತದ್ದರಂತೆ ಬಳಸುತ್ತಾರೆ. ಮೇಲಿನಿಂದ ಇಳಿಯುತ್ತಲೇ ಬೆರಳಿಡುವ ಇವಳ ಅಭ್ಯಾಸಕ್ಕೆ ಅದು ಒಗ್ಗದು.

ಮೊದಲ ಹಂತದ ಸ್ಪ್ರಿಂಗನ್ನು 70 ಗ್ರಾಂವರೆಗೆ ಬಿಗಿದೆ. ಒಂದು ಬದಲಾದರೆ ಇನ್ನೊಂದೂ ಬದಲಾಗುವುದರಿಂದ ಒಟ್ಟು ಮತ್ತೆ ಏರಿತು. ಎರಡನೇ ಹಂತದ ಸ್ಪ್ರಿಂಗನ್ನು ಸಡಿಲಿಸುತ್ತಾ ಬಂದು ಒಟ್ಟು 110ಕ್ಕೆ ನಿಲ್ಲಿಸಿದೆ. ಮೊದಲ ಹಂತ 70, ಎರಡನೆಯದು 40. ಮತ್ತೆ ಮತ್ತೆ ಅಳೆದರೂ ಮೂರು ಗ್ರಾಂಗಿಂತ ಹೆಚ್ಚು ಆಚೀಚೆ ಆಗಲಿಲ್ಲ. ಕೊನೆಗೆ ನಿಲುಗಡೆ: ಟ್ರಿಗರ್ ಬಿಡದಂತಾಗುವವರೆಗೆ ಒಳಕ್ಕೆ ತಿರುಗಿಸಿ, ಅಲ್ಲಿಂದ ಅರ್ಧ ಸುತ್ತು ಹಿಂದಕ್ಕೆ ತಂದೆ. ರೈಫಲ್‌ನ ಹಿಂತುದಿಯನ್ನು ಮತ್ತೆ ಕುಟ್ಟಿ, ಪಕ್ಕಗಳಿಗೆ ರಬ್ಬರ್ ಸುತ್ತಿಗೆಯಿಂದ ತಟ್ಟಿ ನೋಡಿದೆ. ಸಿಯರ್ ಕದಲಲಿಲ್ಲ.

ಆಮೇಲೆ

ಮೊದಲ ಕೆಲವು ದಿನ ಅವಳ ಸ್ಕೋರು ಇಳಿಯಿತು. ತಡೆಯ ಅಭ್ಯಾಸವಿಲ್ಲದ ಬೆರಳು ಅಲ್ಲಿಗೆ ಬಂದು ಅಳುಕುತ್ತಿತ್ತು, ಎಷ್ಟೋ ಸಲ ಹೊಡೆಯದೆ ರೈಫಲ್ ಕೆಳಗಿಡುತ್ತಿದ್ದಳು. ಕೋಚ್ ನನ್ನ ಕಡೆ ನೋಡುವ ನೋಟ ಅಷ್ಟು ಹಿತವಾಗಿರಲಿಲ್ಲ. ನಾನು ಸ್ಕ್ರೂ ಮುಟ್ಟಲಿಲ್ಲ, ಅವರು ಪೆಲೆಟ್ ಕೊಡುವುದನ್ನು ನಿಲ್ಲಿಸಿ ಖಾಲಿ ಗೋಡೆಯ ಎದುರು ಡ್ರೈ ಫೈರ್‌ಗೆ ನಿಲ್ಲಿಸಿದರು. ಟಾರ್ಗೆಟ್ ಇಲ್ಲದಿದ್ದರೆ ಬೆರಳು ಅವಸರ ಮಾಡುವುದಿಲ್ಲ. ಮತ್ತೆ ಕಾಗದಕ್ಕೆ ಹೊಡೆದಾಗ ಹನ್ನೆರಡರ ಗುಂಡುಗಳು ಇರಲಿಲ್ಲ. ಮಧ್ಯದ ಗುಂಪು ಮೊದಲಿಗಿಂತ ಕಿರಿದಾಯಿತೇ ಎಂದರೆ, ಇಲ್ಲ. ಅದು ಅವಳು ರೈಫಲ್ ಹಿಡಿದು ನಿಲ್ಲುವ ಬಗೆಯ ಗುಂಪು, ಟ್ರಿಗರ್‌ನದಲ್ಲ.

ಕುತೂಹಲದ ಸಂಗತಿಯೆಂದರೆ, 110 ಗ್ರಾಂ ಟ್ರಿಗರ್ ತನಗೆ ಮೊದಲಿನದಕ್ಕಿಂತ ಹಗುರವೆನಿಸುತ್ತದೆ ಎಂದು ಅವಳೇ ಹೇಳಿದಳು. ಬೆರಳು ಗ್ರಾಂಗಳನ್ನು ಎಣಿಸುವುದಿಲ್ಲ. ತಡೆಯಿಂದ ಬಿಡುಗಡೆಯವರೆಗಿನ 40 ಗ್ರಾಂ ಮಾತ್ರ ಅದಕ್ಕೆ ಕೆಲಸವಾಗಿ ತೋರುತ್ತದೆ, ಅದಕ್ಕೂ ಹಿಂದಿನದು ಬರಿಯ ದಾರಿ.

ಚಳಿಗಾಲ ಹತ್ತಿರವಾದಾಗ ಮತ್ತೊಂದು ಬೇಡಿಕೆ ಬಂತು: ಎರಡನೇ ಹಂತವನ್ನು ಇನ್ನು ಹತ್ತು ಗ್ರಾಂ ಇಳಿಸಬಹುದೇ ಎಂದು. ಈ ಸಲ ಎಷ್ಟು ಬೇಕೆಂದು ಅವಳಿಗೆ ಗೊತ್ತಿತ್ತು, ಆದ್ದರಿಂದ ಮಾತಾಡಬಹುದಾಗಿತ್ತು. ಸ್ಪರ್ಧೆಗಾಗಿ ದೆಹಲಿಯ ತುಘಲಕಾಬಾದ್‌ನ ಡಾ. ಕರ್ಣಿ ಸಿಂಗ್ ರೇಂಜ್‌ಗೆ ಹೋಗುವ ಸಾಧ್ಯತೆ ಅವಳಿಗಿತ್ತು. ಅಲ್ಲಿನ ಚಳಿಯ ಬೆಳಗಿನಲ್ಲಿ ಬೆರಳ ತುದಿ ಮರಗಟ್ಟಿದಾಗ 30 ಗ್ರಾಂ ತಡೆ ತಡೆಯಾಗಿ ತಿಳಿಯದೇ ಹೋಗಬಹುದು. ಋತು ಮುಗಿಯುವವರೆಗೆ 40 ಇರಲಿ, ಬೇಸಿಗೆಯಲ್ಲಿ ನೋಡೋಣ ಎಂದು ನಿರ್ಧಾರವಾಯಿತು. ಸ್ಕ್ರೂಗಳ ತಲೆಯ ಮೇಲೆ ಕೆಂಪು ಬಣ್ಣದ ಗೆರೆ ಎಳೆದಿದ್ದೇನೆ. ಕದಲಿದರೆ ಗೆರೆ ಮುರಿಯುತ್ತದೆ. ರೈಫಲ್ ಪೆಟ್ಟಿಗೆಯೊಳಗಿನ ಚೀಟಿಯಲ್ಲಿ 70, 40, 110 ಎಂಬ ಅಂಕಿಗಳು, ಕೊಕ್ಕೆ ಇಟ್ಟ ಜಾಗದ ಅಳತೆ, ಬ್ಯಾರೆಲ್ ಲಂಬ ಎಂಬ ಟಿಪ್ಪಣಿ, ಮತ್ತು ಟ್ರಿಗರ್‌ಗೆ ಎಣ್ಣೆ ಹಾಕಬಾರದು ಎಂಬ ಸೂಚನೆ ಇವೆ. ಕೊನೆಯದರ ಕೆಳಗೆ ಅವಳು ತಾನೇ ಎರಡು ಗೆರೆ ಎಳೆದುಕೊಂಡಿದ್ದಾಳೆ, ಏಕೆಂದರೆ ಆ ಎಣ್ಣೆಯ ಡಬ್ಬಿ ಇನ್ನೂ ಅವಳ ಮನೆಯಲ್ಲೇ ಇದೆಯಂತೆ.